ನಿದ್ರೆಯಲ್ಲಿ ಬರುವ ಮೂರ್ಛೆ ಮತ್ತು ರಾತ್ರಿಯ ಗುಳಿಗೆ

ಈ ಅಂಕಣದ ಓದುಗರಾದ ಕಾರ್ಕಳದ ತಾಯಿಯೊಬ್ಬರು ಬರೆದಿರುವ ಪತ್ರದ ಸಾರಾಂಶ ಹೀಗಿದೆ. ಅವರ ಹದಿನೇಳು ವರ್ಷದ ಮಗನಿಗೆ ನಿದ್ರೆಯಲ್ಲಿ ಮಾತ್ರ ಮೂರ್ಛೆ ಬರುತ್ತಿತ್ತು. ಹಗಲಿನಲ್ಲಿ ಒಮ್ಮೆಯೂ ಬಂದುದಿಲ್ಲ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಒಂದು ವರ್ಷದಿಂದ ರಾತ್ರಿ ಊಟವಾದ ಮೇಲೆ ಕೊಡುತ್ತ ಬಂದಿದ್ದಾರೆ. ಕಳೆದ ಆರು ತಿಂಗಳಿಂದ ಮನೆಯಲ್ಲಿ ಯಾರೂ ಮೂರ್ಛೆಯನ್ನು ಕಂಡಿಲ್ಲ. ಮಗ ಈಗ ವಿದ್ಯಾಭ್ಯಾಸಕ್ಕಾಗಿ ಮಣಿಪಾಲದಲ್ಲಿ ಒಬ್ಬನೇ ಕೋಣೆ ಹಿಡಿದಿದ್ದಾನೆ. "ಗುಳಿಗೆ ನುಂಗಿದರೆ ಬೆಳಿಗ್ಗೆ ಮಂಪರು ಬಿಡುವುದಿಲ್ಲ, ಓದಲಾಗುವುದಿಲ್ಲ ಎನ್ನುತ್ತಾನೆ. ರೋಗ ಹೋಗಿದೆಯಲ್ಲ, ನಿಲ್ಲಿಸಬಹುದೇ?" ಎಂಬುದು ಆ ತಾಯಿಯ ಪ್ರಶ್ನೆ.

ನಿಲ್ಲಿಸಬಾರದು ಎಂಬುದೇ ಉತ್ತರ. ಆದರೆ ಇಷ್ಟು ಹೇಳಿ ಮುಗಿಸಿದರೆ ಆ ಹುಡುಗನಿಗೆ ಅದು ಕೇವಲ ಗದರಿಕೆಯಾದೀತು. ಕಾರಣವನ್ನು ತಿಳಿದರೆ ಅವನೇ ಗುಳಿಗೆಯನ್ನು ಕೈಬಿಡಲಾರ.

ಹಗಲಿನಲ್ಲಿ ಬರುವ ಮೂರ್ಛೆಗೆ ಸಾಕ್ಷಿಗಳಿರುತ್ತಾರೆ. ಅಂಗಡಿಯಲ್ಲಿಯೋ ತರಗತಿಯಲ್ಲಿಯೋ ಬಿದ್ದವನನ್ನು ಹತ್ತು ಜನ ನೋಡುತ್ತಾರೆ. ನಿದ್ರೆಯಲ್ಲಿ ಬಂದದ್ದನ್ನು ಕಾಣುವವರು ಯಾರು? ಎರಡು ಮೂರು ನಿಮಿಷಗಳ ಸೆಳೆತ ಮುಗಿದು ದೇಹ ಮತ್ತೆ ಗಾಢನಿದ್ರೆಗೆ ಜಾರುತ್ತದೆ. ಬೆಳಿಗ್ಗೆ ಎದ್ದವನಿಗೆ ಏನೂ ನೆನಪಿರುವುದಿಲ್ಲ. ಆದುದರಿಂದ ಯಾರೂ ಕಂಡಿಲ್ಲ ಎಂಬ ಮಾತ್ರಕ್ಕೆ ಮೂರ್ಛೆ ಬಂದಿಲ್ಲವೆಂದು ನಿರ್ಧರಿಸಲಾಗದು. ಕಾಣದಿದ್ದರೂ ಅದು ಗುರುತುಗಳನ್ನು ಬಿಟ್ಟು ಹೋಗುತ್ತದೆ. ನಾಲಿಗೆಯ ಬದಿ ಕಚ್ಚಿಕೊಂಡಿರುವುದು, ದಿಂಬಿನ ಮೇಲೆ ರಕ್ತ ಬೆರೆತ ಜೊಲ್ಲಿನ ಕಲೆ, ದೊಡ್ಡವರಾದ ಮೇಲೂ ಹಾಸಿಗೆ ಒದ್ದೆಯಾಗಿರುವುದು, ಗದ್ದೆ ಕೆಲಸ ಮಾಡಿ ಬಂದವರಂತೆ ಮೈಕೈ ನೋವು, ಭಾರವಾದ ತಲೆ, ಭುಜ ಎತ್ತಲಾಗದಷ್ಟು ನೋವು, ಕಣ್ಣುರೆಪ್ಪೆಗಳ ಸುತ್ತ ಸಣ್ಣ ಕೆಂಪು ಚುಕ್ಕೆಗಳು. ಇವುಗಳಲ್ಲಿ ಯಾವುದಾದರೂ ಪದೇ ಪದೇ ಕಂಡರೆ ರಾತ್ರಿ ಏನೋ ನಡೆದಿದೆಯೆಂದೇ ಶಂಕಿಸಬೇಕು. ಮಗನ ಹಾಸಿಗೆ ಬಟ್ಟೆ ಒಗೆಯುವ ತಾಯಿಗೆ ತಿಳಿದಷ್ಟು ಈ ವಿಷಯ ಎಷ್ಟೋ ವೇಳೆ ವೈದ್ಯರಿಗೂ ತಿಳಿದಿರುವುದಿಲ್ಲ. ಕೋಣೆ ಬದಲಾದ ಮೇಲೆ ಆ ಕಣ್ಣುಗಳೂ ಇಲ್ಲವಾದವು ಎಂಬುದೇ ಈ ಪತ್ರದಲ್ಲಿ ನನಗೆ ಕಂಡ ಮುಖ್ಯ ಸಂಗತಿ.

ನಿದ್ರೆಗೂ ಮೂರ್ಛೆಗೂ ಇರುವ ನಂಟು ಹೊಸದಾಗಿ ಕಂಡುಹಿಡಿದದ್ದಲ್ಲ. ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ 1885ರಷ್ಟು ಹಿಂದೆಯೇ ತನ್ನ ರೋಗಿಗಳನ್ನು ಲೆಕ್ಕಹಾಕಿ, ಸುಮಾರು ಐವರಲ್ಲಿ ಒಬ್ಬರಿಗೆ ರಾತ್ರಿ ಮಾತ್ರ ಮೂರ್ಛೆ ಬರುತ್ತದೆಂದು ಬರೆದಿದ್ದ. ನಮ್ಮ ಚರಕ ಸಂಹಿತೆ ಈ ರೋಗವನ್ನು ಅಪಸ್ಮಾರ, ಅಂದರೆ ಸ್ಮೃತಿ ತಪ್ಪುವುದು, ಎಂದು ಕರೆದು ಚಿಕಿತ್ಸೆಯನ್ನು ಹೇಳಿದೆ. ನಟರಾಜನ ಪಾದದಡಿಯಲ್ಲಿರುವ ಕುಬ್ಜ ಆಕೃತಿಗೂ ಅಪಸ್ಮಾರನೆಂದೇ ಹೆಸರು. ಹೆಸರು ಒಂದೇ ಆದ ಮಾತ್ರಕ್ಕೆ ಇದು ಯಾವುದೋ ಶಕ್ತಿಯ ಕಾಟವಲ್ಲ. ಮೆದುಳಿನ ನರಕೋಶಗಳು ಪರಸ್ಪರ ವಿದ್ಯುತ್ ಸಂಕೇತಗಳಿಂದ ವ್ಯವಹರಿಸುತ್ತವೆ. ಅವುಗಳಲ್ಲೊಂದು ಗುಂಪು ಕ್ರಮ ತಪ್ಪಿ ಒಮ್ಮೆಲೇ ಸಿಡಿದಾಗ ಮೂರ್ಛೆ ಉಂಟಾಗುತ್ತದೆ. ನಿದ್ರೆಯ ಕೆಲವು ಹಂತಗಳಲ್ಲಿ ನರಕೋಶಗಳು ಒಂದೇ ಲಯಕ್ಕೆ ಬರುವುದರಿಂದ ಕೆಲವರಲ್ಲಿ ಈ ಸಿಡಿತಕ್ಕೆ ಆಗಲೇ ಹೆಚ್ಚು ಅವಕಾಶ.

ಎಲ್ಲ ರಾತ್ರಿಯ ಮೂರ್ಛೆಗಳೂ ಒಂದೇ ಜಾತಿಯವಲ್ಲ, ಮತ್ತು ಔಷಧವನ್ನು ಆರಿಸುವುದು ಜಾತಿಯನ್ನು ಗುರುತಿಸಿದ ಮೇಲೆಯೇ. ಶಾಲೆಗೆ ಹೋಗುವ ಮಕ್ಕಳಲ್ಲಿ ರೋಲಾಂಡಿಕ್ ಎಂಬ ಬಗೆಯೊಂದಿದೆ. ನಿದ್ರೆ ಹತ್ತಿದ ಮೇಲೆ ಅಥವಾ ನಸುಕಿನಲ್ಲಿ ಬಾಯಿಯ ಒಂದು ಬದಿ ಅದುರುತ್ತದೆ, ಜೊಲ್ಲು ಸುರಿಯುತ್ತದೆ, ಎಚ್ಚರವಾದರೂ ಮಾತು ಹೊರಡುವುದಿಲ್ಲ. ನೋಡುವ ತಂದೆತಾಯಿಗಳ ಎದೆ ಒಡೆಯುತ್ತದೆ. ಆದರೆ ಹದಿನಾರು ವರ್ಷ ತುಂಬುವಷ್ಟರಲ್ಲಿ ಅದು ಬಹುಪಾಲು ತಾನಾಗಿ ಮಾಯವಾಗುತ್ತದೆ, ಎಷ್ಟೋ ಮಕ್ಕಳಿಗೆ ಔಷಧವನ್ನೇ ಕೊಡದೆ ಕಾಯುವ ವೈದ್ಯರೂ ಇದ್ದಾರೆ. ಇನ್ನೊಂದು ಬಗೆ ಮೆದುಳಿನ ಮುಂಭಾಗದಿಂದ ಹುಟ್ಟುವಂಥದು. ಮಲಗಿದ್ದವನು ಥಟ್ಟನೆದ್ದು ಕೈಕಾಲು ಬಡಿಯುತ್ತಾನೆ, ಸೈಕಲ್ ತುಳಿದಂತೆ ಕಾಲಾಡಿಸುತ್ತಾನೆ, ಕೂಗುತ್ತಾನೆ, ಅರ್ಧ ನಿಮಿಷದಲ್ಲಿ ಶಾಂತನಾಗುತ್ತಾನೆ. ಇದು ಒಂದೇ ರಾತ್ರಿಯಲ್ಲಿ ಹಲವು ಬಾರಿ ಬರಬಹುದು. ಕೆಟ್ಟ ಕನಸು, ನಿದ್ರಾನಡಿಗೆ, ಇಲ್ಲವೇ ಗಾಳಿ ಸೋಕಿದ್ದು ಎಂದು ವರ್ಷಗಟ್ಟಲೆ ತಪ್ಪು ತಿಳಿಯುವುದು ಇದನ್ನೇ. ಈ ಬಗೆಯಲ್ಲಿ ಸಾಮಾನ್ಯ ಇ.ಇ.ಜಿ. ಪರೀಕ್ಷೆ ಕೂಡ ಸರಿಯಾಗಿದೆಯೆಂದು ತೋರಿಸಬಹುದು. ಹಾಗಾಗಿ ರಾತ್ರಿಯಿಡೀ ಚಿತ್ರೀಕರಣದೊಂದಿಗೆ ಇ.ಇ.ಜಿ. ತೆಗೆಯಬೇಕಾಗುತ್ತದೆ. ಮನೆಯವರು ಮೊಬೈಲಿನಲ್ಲಿ ಹಿಡಿದ ಒಂದು ನಿಮಿಷದ ದೃಶ್ಯವೂ ವೈದ್ಯರಿಗೆ ದೊಡ್ಡ ಆಧಾರವಾಗುತ್ತದೆ.

ಮೂರನೆಯದು ಹದಿಹರೆಯದಲ್ಲಿ ತೊಡಗುವಂಥದು. ಬೆಳಿಗ್ಗೆ ಎದ್ದ ಕೂಡಲೇ ಕೈ ಥಟ್ಟನೆ ಎಗರಿ ಚಹಾದ ಲೋಟವೋ ಹಲ್ಲುಜ್ಜುವ ಬ್ರಷ್ಷೋ ಕೆಳಗೆ ಬೀಳುತ್ತದೆ. "ಸರಿಯಾಗಿ ಹಿಡಿದುಕೊಳ್ಳಬಾರದೇ?" ಎಂದು ಮನೆಯಲ್ಲಿ ಬೈಗುಳ ಬೀಳುತ್ತದೆ. ಒಂದು ದಿನ, ರಾತ್ರಿ ನಿದ್ದೆಗೆಟ್ಟ ಮರುದಿನ, ಪೂರ್ಣ ಮೂರ್ಛೆಯೇ ಬರುತ್ತದೆ. ಈ ವಿವರವನ್ನು ವೈದ್ಯರಿಗೆ ಹೇಳದಿದ್ದರೆ ಅನರ್ಥ ಸಂಭವಿಸಬಹುದು, ಏಕೆಂದರೆ ಎರಡನೆಯ ಬಗೆಗೆ ಅತ್ಯುತ್ತಮವಾದ ಕಾರ್ಬಮಜೆಪಿನ್ ಎಂಬ ಔಷಧವೇ ಈ ಮೂರನೆಯ ಬಗೆಯಲ್ಲಿ ರೋಗವನ್ನು ಕೆಣಕುತ್ತದೆ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಗುಳಿಗೆಯ ಹೆಸರನ್ನು ಬರೆದುಕೊಂಡು ಬರುವವರು ಇದನ್ನು ಮನಸ್ಸಿನಲ್ಲಿಡಬೇಕು.

ಈಗ ಔಷಧಗಳ ವಿಚಾರ. ಅತ್ಯಂತ ಹಳೆಯದು ಫೀನೊಬಾರ್ಬಿಟಲ್, 1912ರಿಂದ ಬಳಕೆಯಲ್ಲಿದೆ. ಗಾರ್ಡಿನಾಲ್ ಎಂಬ ಹೆಸರು ಹಿರಿಯರಿಗೆ ಪರಿಚಿತ. 1938ರಲ್ಲಿ ಫೆನಿಟಾಯಿನ್ ಬಂದಿತು, ಅದನ್ನು ನಮ್ಮ ಜನ ಎಪ್ಟಾಯಿನ್ ಎಂದು ಅರಿಯುವರು. ಎರಡೂ ದೇಹದಲ್ಲಿ ಬಹುಕಾಲ ಉಳಿಯುವುದರಿಂದ ದಿನಕ್ಕೊಮ್ಮೆ, ಮಲಗುವ ಮುನ್ನ ನುಂಗಿದರೆ ಸಾಮಾನ್ಯವಾಗಿ ಸಾಕು. ಎರಡೂ ಅಗ್ಗ. ಅಗ್ಗವೆಂದು ಕೀಳಾಗಿ ಕಾಣಬೇಕಿಲ್ಲ. ಬೆಂಗಳೂರಿನ ಹಿರಿಯ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರೂ ಅವರ ಸಂಗಡಿಗರೂ ಯಳಂದೂರಿನ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ, ಇವೆರಡೇ ಔಷಧಗಳಿಂದ ಚಿಕಿತ್ಸೆ ನೀಡಿ, ಫಲವನ್ನು 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಯ ಬಡವರಲ್ಲೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ನಾಡಿನ ಕೆಲಸ. ಹಾಗೆಂದು ಈ ಔಷಧಗಳಿಗೆ ದೋಷವಿಲ್ಲವೆಂದಲ್ಲ. ಫೀನೊಬಾರ್ಬಿಟಲ್ ಮಂಪರು ತರುತ್ತದೆ, ಕೆಲವು ಮಕ್ಕಳನ್ನು ಚಂಚಲಗೊಳಿಸುತ್ತದೆ. ಫೆನಿಟಾಯಿನ್ ಬಹುಕಾಲ ನುಂಗಿದವರ ಒಸಡು ಊದಿ ಬೆಳೆಯುತ್ತದೆ, ಮುಖದಲ್ಲಿ ರೋಮ ಹೆಚ್ಚುತ್ತದೆ, ಮೂಳೆ ಸವೆಯುತ್ತದೆ. ಅದರ ಪ್ರಮಾಣ ತುಸು ಹೆಚ್ಚಾದರೂ ನಡಿಗೆ ತೂರಾಡುತ್ತದೆ.

ಮೆದುಳಿನ ಮುಂಭಾಗದಿಂದ ಬರುವ ರಾತ್ರಿಯ ಮೂರ್ಛೆಗೆ ಕಾರ್ಬಮಜೆಪಿನ್ ಮೊದಲ ಆಯ್ಕೆ. ಅದು ನರಕೋಶಗಳ ಸೋಡಿಯಂ ಬಾಗಿಲುಗಳನ್ನು ನಿಧಾನಗೊಳಿಸಿ ಅತಿಯಾದ ಸಿಡಿತವನ್ನು ತಡೆಯುತ್ತದೆ. ಮಲಗುವ ಮುನ್ನ ನುಂಗಿದ ಸಣ್ಣ ಪ್ರಮಾಣದಿಂದಲೇ ಬಹುಮಂದಿಗೆ ಹತೋಟಿ ಸಿಗುತ್ತದೆ. ಅದರ ನಿಕಟ ಬಂಧು ಆಕ್ಸ್‌ಕಾರ್ಬಜೆಪಿನ್. ಈ ಔಷಧಗಳನ್ನು ತೊಡಗಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಕೆಂಪು ಗಂಧೆ ಎದ್ದರೆ, ವಿಶೇಷವಾಗಿ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಜ್ವರ ಜೊತೆಗೂಡಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಎನ್ನುವ ವಿಷಯವಲ್ಲ ಅದು. ಲ್ಯಾಮೊಟ್ರಿಜಿನ್ ಔಷಧಕ್ಕೂ ಇದೇ ಎಚ್ಚರಿಕೆ. ಅದನ್ನು ವಾರಗಟ್ಟಲೆ ನಿಧಾನವಾಗಿ ಏರಿಸುವುದು ಈ ಕಾರಣಕ್ಕಾಗಿಯೇ, ವೈದ್ಯರು ಕಾಲಹರಣ ಮಾಡುತ್ತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಬರೆಯಲಾಗುವ ಲೆವೆಟಿರಾಸಿಟಮ್ ಬೇರೆ ಔಷಧಗಳೊಡನೆ ಜಗಳವಾಡುವುದಿಲ್ಲ, ಆದರೆ ಕೆಲವರಲ್ಲಿ ಸಿಡುಕು, ಬೇಸರ, ಅಳು ತರುತ್ತದೆ. ಸೌಮ್ಯಳಾಗಿದ್ದ ಹುಡುಗಿ ಗುಳಿಗೆ ತೊಡಗಿದ ಮೇಲೆ ಎಲ್ಲರ ಮೇಲೂ ರೇಗುತ್ತಿದ್ದರೆ ಸ್ವಭಾವ ಕೆಟ್ಟಿತೆಂದು ದೂರದೆ ವೈದ್ಯರಿಗೆ ತಿಳಿಸಬೇಕು. ಇದು ದೇಹದಿಂದ ಬೇಗ ಹೊರಹೋಗುವುದರಿಂದ ದಿನಕ್ಕೆರಡು ಬಾರಿ ಬೇಕಾಗುತ್ತದೆ. ಬೆಳಗಿನದನ್ನು ಬಿಟ್ಟು ರಾತ್ರಿಯದನ್ನು ಮಾತ್ರ ನುಂಗುವುದು ಸರಿಯಲ್ಲ. ಕ್ಲೋಬಜಾಮ್ ಎಂಬುದನ್ನು ಮಲಗುವ ಮುನ್ನ ಸಣ್ಣ ಪ್ರಮಾಣದಲ್ಲಿ ಜೊತೆಗೂಡಿಸುವ ಪದ್ಧತಿಯೂ ಇದೆ. ಮೂರ್ಛೆ ರಾತ್ರಿ ಮಾತ್ರ ಬರುವವರಿಗೆ ದಿನದ ಪ್ರಮಾಣದಲ್ಲಿ ದೊಡ್ಡ ಪಾಲನ್ನು ರಾತ್ರಿಗೆ ಇಡುವುದನ್ನೂ ತಜ್ಞರು ಮಾಡುತ್ತಾರೆ.

ಈ ಗುಳಿಗೆಗಳು ತಲೆನೋವಿನ ಗುಳಿಗೆಯಂತೆ ಬಂದ ಮೇಲೆ ನುಂಗುವಂಥವಲ್ಲ. ಗದ್ದೆಯ ಬದುವನ್ನು ಮಳೆ ಬಂದ ಮೇಲೆ ಕಟ್ಟಲಾಗುವುದೇ? ರಕ್ತದಲ್ಲಿ ಔಷಧದ ಮಟ್ಟ ಎಂದೂ ಒಂದೇ ಸಮನಾಗಿದ್ದರೆ ಮಾತ್ರ ತಡೆ ನಿಲ್ಲುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹಿಂದಿಗಿಂತ ಬಲವಾದ, ಒಂದರ ಮೇಲೊಂದು ಬರುವ ಮೂರ್ಛೆಗಳ ಅಪಾಯವಿದೆ. ನಿಲ್ಲಿಸುವ ಕಾಲವೂ ಬರುತ್ತದೆ. ಕಡಿಮೆಯೆಂದರೆ ಎರಡು ವರ್ಷ ಒಂದೂ ಮೂರ್ಛೆಯಿಲ್ಲದೆ ಕಳೆದ ಮೇಲೆ ತಜ್ಞರು ಇ.ಇ.ಜಿ. ನೋಡಿ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಮೇಲೆ ಹೇಳಿದ ಮೂರನೆಯ ಬಗೆಯವರಲ್ಲಿ ಅನೇಕರಿಗೆ ಬಹುಕಾಲ, ಎಷ್ಟೋ ವೇಳೆ ಜೀವನಪರ್ಯಂತ ಬೇಕು. ಮಂಪರಿನ ಕಾರಣಕ್ಕೆ ಓದು ಕೆಡುತ್ತಿದ್ದರೆ ಅದಕ್ಕೆ ಬೇರೆ ದಾರಿಗಳಿವೆ. ಗುಳಿಗೆಯನ್ನು ಸ್ವಲ್ಪ ಮುಂಚಿತವಾಗಿ ನುಂಗುವುದು, ನಿಧಾನವಾಗಿ ಕರಗುವ ಬಗೆಗೆ ಬದಲಿಸುವುದು, ಔಷಧವನ್ನೇ ಬದಲಿಸುವುದು. ಇವನ್ನು ವೈದ್ಯರು ಮಾಡಬಲ್ಲರು, ಮಗ ಬಾಯಿಬಿಟ್ಟು ಹೇಳಿದರೆ. ಕಾರ್ಕಳದಿಂದ ಮಣಿಪಾಲ ಒಂದು ಗಂಟೆಯ ದಾರಿ. ತಾಯಿ ಒಮ್ಮೆ ಹೋಗಿ ಮಗನೊಡನೆ ವೈದ್ಯರನ್ನು ಕಾಣುವುದು ಪತ್ರ ಬರೆಯುವುದಕ್ಕಿಂತ ಮೇಲು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಬೇಕು, ಎರಡನ್ನು ಒಟ್ಟಿಗೆ ನುಂಗಬಾರದು.

ಉಡುಪಿಯವರಿಗೆ ಒಂದು ಅನುಕೂಲವಿದೆ. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಬೆಳೆದುಬಂದ ವ್ಯವಸ್ಥೆ ಬಾಗಿಲಲ್ಲೇ ಇದೆ. ಕಾಪುವಿನವರು ಹೆದ್ದಾರಿ ಹಿಡಿದರೆ ಅರ್ಧ ಗಂಟೆಯಲ್ಲಿ ಉಡುಪಿ ಮುಟ್ಟುತ್ತಾರೆ. ಆದರೆ ನಮ್ಮ ಸಮಾಜದ ಕುಟುಂಬಗಳಲ್ಲಿ ಹಲವರು ಶಿವಮೊಗ್ಗ, ದಾವಣಗೆರೆ, ಹಾವೇರಿಯ ಕಡೆಯಿಂದ ಘಟ್ಟ ಇಳಿದು ಮಣಿಪಾಲಕ್ಕೆ ಬರುವವರು. ಒಂದು ತಿಂಗಳ ಗುಳಿಗೆ ಕಟ್ಟಿಸಿಕೊಂಡು ಮರಳುತ್ತಾರೆ. ಅದು ಮುಗಿಯುವ ಹೊತ್ತಿಗೆ ಆಗುಂಬೆ ಘಾಟಿಯಲ್ಲಿ ಮಳೆ, ಊರಿನ ಅಂಗಡಿಯಲ್ಲಿ ಆ ಗುಳಿಗೆಯಿಲ್ಲ. ನಾಲ್ಕು ದಿನ ತಡವಾಗುತ್ತದೆ, ಐದನೆಯ ರಾತ್ರಿ ಮೂರ್ಛೆ ಬರುತ್ತದೆ, "ಔಷಧ ಹಿಡಿಯಲಿಲ್ಲ" ಎಂದು ತೀರ್ಮಾನವಾಗುತ್ತದೆ! ಹದಿನೈದು ದಿನಗಳಿಗಾಗುವಷ್ಟು ಗುಳಿಗೆ ಸದಾ ಮನೆಯಲ್ಲಿ ಮಿಕ್ಕಿರುವಂತೆ ಕೊಳ್ಳುವುದು ಒಳ್ಳೆಯದು. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಕ್ಕೀತು. ಆದರೆ ಒಂದು ತಯಾರಿಕೆಯಿಂದ ಮೂರ್ಛೆ ಹತೋಟಿಗೆ ಬಂದ ಮೇಲೆ ತಿಂಗಳಿಗೊಂದು ಕಂಪನಿಯಂತೆ ಬದಲಿಸುತ್ತ ಹೋಗುವುದು, ಮುಖ್ಯವಾಗಿ ಫೆನಿಟಾಯಿನ್ ವಿಷಯದಲ್ಲಿ, ಹಿತವಲ್ಲ.

ಔಷಧದಷ್ಟೇ ಮುಖ್ಯವಾದುದು ನಿದ್ರೆ. ನಮ್ಮ ಮನೆಗಳಲ್ಲಿ ಶಿವರಾತ್ರಿಯ ಉಪವಾಸ, ಜಾಗರಣೆಗಳಿಗೆ ಇರುವ ಸ್ಥಾನವನ್ನು ವಿವರಿಸಬೇಕಿಲ್ಲ. ಕರಾವಳಿಯಲ್ಲಿ ಅದರ ಜೊತೆಗೆ ಯಕ್ಷಗಾನ, ಕೋಲ, ನೇಮಗಳೂ ಇವೆ. ಮೂರ್ಛೆಯಿರುವವನು ರಾತ್ರಿಯಿಡೀ ಎಚ್ಚರವಿದ್ದರೆ ಅಪಾಯ ಬರುವುದು ಆ ರಾತ್ರಿಯಲ್ಲಲ್ಲ, ಮರುದಿನ ಬೆಳಿಗ್ಗೆ ಕಣ್ಣು ಮುಚ್ಚಿದಾಗ ಅಥವಾ ಅರೆನಿದ್ರೆಯಿಂದ ಎದ್ದಾಗ. ಅಂಥವನು ಸಂಜೆಯ ಪೂಜೆ ಮುಗಿಸಿ, ಗುಳಿಗೆ ನುಂಗಿ ಮಲಗಿದರೆ ಭಕ್ತಿಗೆ ಕುಂದೇನೂ ಬಾರದು. ನಿರಾಹಾರದ ದಿನವೂ ಗುಳಿಗೆಯನ್ನು ನೀರಿನೊಡನೆ ನುಂಗಲೇಬೇಕು. ಮನೆಯ ಹಿರಿಯರು ತಾವಾಗಿ "ನೀನು ಮಲಗಪ್ಪ" ಎಂದರೆ ಹುಡುಗ ಸಂಕೋಚವಿಲ್ಲದೆ ಮಲಗುತ್ತಾನೆ. ಪರೀಕ್ಷೆಯ ಮುನ್ನಾದಿನ ರಾತ್ರಿ ಕಳೆಯುವ ಮಣಿಪಾಲದ ವಿದ್ಯಾರ್ಥಿಗಳಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ನಾಡಿಗೇ ವಿಶೇಷವಾದ ಇನ್ನೆರಡು ಸಂಗತಿಗಳನ್ನು ಇಲ್ಲಿ ಸೇರಿಸಬೇಕು. ತಲೆಯ ಮೇಲೆ ಬಿಸಿ ನೀರು ಸುರಿದುಕೊಂಡಾಗ ಬರುವ ಮೂರ್ಛೆಯನ್ನು ದಕ್ಷಿಣ ಕರ್ನಾಟಕದಲ್ಲಿ ಬಹಳವಾಗಿ ಕಂಡು, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಹಂಡೆಯ ನೀರನ್ನು ಬೆಚ್ಚಗಿಟ್ಟರೆ ಸಾಕು ಎನ್ನುವವರಿದ್ದಾರೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಬೇಕಾಗುವವರೂ ಇದ್ದಾರೆ. ಎರಡನೆಯದು ನೀಲಗಿರಿ ಎಣ್ಣೆ ಮತ್ತು ಕರ್ಪೂರ. ಇವು ಬೆರೆತ ಮುಲಾಮುಗಳು ಕೆಲವರಲ್ಲಿ ಮೂರ್ಛೆಯನ್ನು ಕೆರಳಿಸುತ್ತವೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ತೋರಿಸಿದ್ದಾರೆ. ನೆಗಡಿಯಾದ ಮಗುವಿನ ಎದೆಗೆ, ಮೂಗಿಗೆ ಮಲಗುವ ಹೊತ್ತಿನಲ್ಲಿ ಪ್ರೀತಿಯಿಂದ ಹಚ್ಚುವ ಅಜ್ಜಿಯರು ಇದನ್ನು ಗಮನಿಸಬೇಕು. ಗುಳಿಗೆ ಸರಿಯಾಗಿ ನುಂಗುತ್ತಿದ್ದರೂ ಮೂರ್ಛೆ ನಿಲ್ಲದಿದ್ದರೆ ಮುಲಾಮಿನ ಡಬ್ಬಿಯ ಕಡೆಗೊಮ್ಮೆ ನೋಡಬೇಕು.

ಹೆಣ್ಣುಮಕ್ಕಳ ವಿಷಯವನ್ನು ಬಿಟ್ಟು ಮುಂದೆ ಹೋಗಲಾರೆ. ಮದುವೆಯ ಮಾತುಕತೆಯಲ್ಲಿ ಮೂರ್ಛೆಯನ್ನು ಮುಚ್ಚಿಡುತ್ತಾರೆ. ಗಂಡನ ಮನೆಗೆ ಹೋದ ಮೇಲೆ ಅತ್ತೆಯವರ ಕಣ್ಣಿಗೆ ಬೀಳಬಾರದೆಂದು ಹುಡುಗಿ ಗುಳಿಗೆಯನ್ನೇ ಬಿಡುತ್ತಾಳೆ. ನಿದ್ರೆಗೆಟ್ಟ ಮದುವೆಯ ವಾರವದು, ಔಷಧವೂ ಇಲ್ಲ. ಮೂರ್ಛೆ ಬರಲು ಇನ್ನೇನು ಬೇಕು? ಹಿಂದೆ ಇದಕ್ಕೆ ಕಾನೂನಿನ ಭಯವೂ ಇತ್ತು. ವೀರಶೈವ ಮತ್ತು ಲಿಂಗಾಯತ ಎಂದು ಹೆಸರಿಸಿಯೇ ನಮಗೆ ಅನ್ವಯವಾಗುವ 1955ರ ಹಿಂದೂ ವಿವಾಹ ಕಾಯಿದೆಗೆ 1976ರ ತಿದ್ದುಪಡಿಯಲ್ಲಿ ಅಪಸ್ಮಾರವಿಲ್ಲದಿರಬೇಕೆಂಬ ಷರತ್ತು ಸೇರಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಇಂದು ಮೂರ್ಛೆ ಮದುವೆಗೆ ಅಡ್ಡಿಯಲ್ಲ. ಮೊದಲೇ ಹೇಳಿ ಮದುವೆ ಮಾಡಿದರೆ ಗುಳಿಗೆ ಬಚ್ಚಿಡುವ ಕಷ್ಟ ತಪ್ಪುತ್ತದೆ. ಹಾಗೆಯೇ, ವ್ಯಾಲ್‌ಪ್ರೊಯೇಟ್ ಎಂಬ ಔಷಧ ಹಲವು ಬಗೆಯ ಮೂರ್ಛೆಗೆ ಬಲಶಾಲಿಯಾದರೂ ಗರ್ಭಿಣಿಯರು ನುಂಗಿದರೆ ಹುಟ್ಟುವ ಹತ್ತು ಶಿಶುಗಳಲ್ಲಿ ಒಂದಕ್ಕೆ ಅಂಗದೋಷ ಉಂಟಾಗಬಹುದು, ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಬಹುದು. ಹದಿಹರೆಯದ ಮಗಳಿಗೆ ಇದನ್ನು ಬರೆದಿದ್ದರೆ ಮದುವೆಗೆ ಮೊದಲೇ ವೈದ್ಯರೊಡನೆ ಚರ್ಚಿಸಿ. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ಗಳಲ್ಲಿ ಈ ಭಯ ಬಹಳ ಕಡಿಮೆ. ಆದರೆ ಗರ್ಭ ನಿಂತಿತೆಂದು ಹೆದರಿ ಯಾವ ಗುಳಿಗೆಯನ್ನೂ ತಾನಾಗಿ ಬಿಡಬಾರದು.

ಕೊನೆಯದಾಗಿ, ಹೇಳಲು ಮನಸ್ಸು ಬಾರದಿದ್ದರೂ ಹೇಳಬೇಕಾದ ಸಂಗತಿಯೊಂದಿದೆ. ಮೂರ್ಛೆಯಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೊಬ್ಬರು ಬೇರಾವ ಕಾರಣವೂ ಇಲ್ಲದೆ ಹಠಾತ್ತಾಗಿ ತೀರಿಕೊಳ್ಳುತ್ತಾರೆ. ಮಕ್ಕಳಲ್ಲಿ ಇದು ಇನ್ನೂ ಅಪರೂಪ. ಬಹುಪಾಲು ಇದು ಸಂಭವಿಸುವುದು ನಿದ್ರೆಯಲ್ಲಿ, ಮೈಯೆಲ್ಲ ಸೆಳೆಯುವ ಮೂರ್ಛೆಯ ನಂತರ, ಎಷ್ಟೋ ವೇಳೆ ಬೋರಲಾಗಿ ಮಲಗಿದ್ದಾಗ. ಮೂರ್ಛೆ ಪೂರ್ತಿ ಹತೋಟಿಯಲ್ಲಿದ್ದರೆ ಮತ್ತು ಕೋಣೆಯಲ್ಲಿ ಇನ್ನೊಬ್ಬರು ಮಲಗಿದ್ದರೆ ಅಪಾಯ ತಗ್ಗುತ್ತದೆ. ಆದುದರಿಂದ ಮಣಿಪಾಲದ ಆ ಹುಡುಗನಿಗೆ ಒಬ್ಬನೇ ಇರುವ ಕೋಣೆಗಿಂತ ಗೆಳೆಯನೊಬ್ಬನೊಡನೆ ಹಂಚಿಕೊಂಡ ಕೋಣೆ ಒಳ್ಳೆಯದು, ಮತ್ತು ಆ ಗೆಳೆಯನಿಗೆ ವಿಷಯ ತಿಳಿದಿರಬೇಕು.

ತಿಳಿದಿರಬೇಕಾದುದು ಹೆಚ್ಚೇನಿಲ್ಲ. ಸೆಳೆತ ಬಂದಾಗ ಗಡಿಯಾರ ನೋಡಿಕೊಳ್ಳಬೇಕು. ಮುಖಕ್ಕೆ ಅಡ್ಡವಾದ ದಿಂಬು, ಹೊದಿಕೆಗಳನ್ನು ಸರಿಸಿ ಮಗ್ಗುಲಿಗೆ ತಿರುಗಿಸಬೇಕು. ಕೈಗೆ ಬೀಗದ ಕೈ, ಮೂಗಿಗೆ ಚಪ್ಪಲಿ ಅಥವಾ ಈರುಳ್ಳಿ, ಬಾಯಿಗೆ ಚಮಚ, ನೀರು ಇವು ಯಾವುದೂ ಬೇಡ. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಪೂರ್ಣ ಎಚ್ಚರವಾಗುವ ತನಕ ಪಕ್ಕದಲ್ಲೇ ಕುಳಿತಿರಬೇಕು. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, 108ಕ್ಕೆ ಕರೆಮಾಡಬೇಕು. ಮೂಗಿಗೆ ಸಿಂಪಡಿಸುವ ಮಿಡಜೊಲಾಮ್ ಔಷಧವನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದನ್ನು ಬಳಸುವ ಸಮಯವೂ ಅದೇ. ಅದು ಕಪಾಟಿನೊಳಗೆ ಬೀಗ ಹಾಕಿಟ್ಟಿರದೆ ಹಾಸಿಗೆಯ ಬಳಿ ಕೈಗೆಟುಕುವಲ್ಲಿರಬೇಕು, ಮತ್ತು ಅದರ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ಆಗಾಗ ನೋಡುತ್ತಿರಬೇಕು.